ರಕ್ತನಾಳಗಳ ನಾಮಕರಣ: ಪ್ಯಾರಿಸು, ಹೈದರಾಬಾದು ಮತ್ತು ರಾಯಚೂರು ಸೀಮೆ

1

ದೇವದುರ್ಗದ ಕಡೆಯ ಒಕ್ಕಲಿಗನೊಬ್ಬನು ರಾಯಚೂರಿನ ವೈದ್ಯರ ಮುಂದೆ ಕುಳಿತು ‘ಕಾಲಾಗಿನ ನರ ಉಬ್ಬ್ಯಾವ್ರಿ’ ಎಂದು ಹೇಳಿದರೆ, ಅವನು ಸೂಚಿಸುವುದು ರಕ್ತವನ್ನು ಹೊತ್ತ ನಾಳವನ್ನು. ಅವನ ಮಗನು ಶಾಲೆಯಲ್ಲಿ ಓದುವ ವಿಜ್ಞಾನದ ಪುಸ್ತಕದಲ್ಲಿಯಾದರೋ ‘ನರ’ವೆಂದರೆ ಮೆದುಳಿನ ಸಂದೇಶವನ್ನು ಅಂಗಾಂಗಗಳಿಗೆ ಒಯ್ಯುವ ತಂತು, ಅದರಲ್ಲಿ ರಕ್ತದ ಹರಿವಿಲ್ಲ. ತಂದೆಯ ಮಾತು ತಪ್ಪಲ್ಲ, ಮಗನ ಪಾಠವೂ ತಪ್ಪಲ್ಲ. ಒಂದೇ ಶಬ್ದವು ಎರಡು ಪರಂಪರೆಗಳಲ್ಲಿ ಎರಡು ವಸ್ತುಗಳಿಗೆ ಸಂದಿರುವುದರಿಂದ ಈ ತೊಡಕು ಉಂಟಾಗಿದೆ. ಇಂತಹ ತೊಡಕುಗಳಿಗೆ ಇತಿಹಾಸವಿದೆ. ಆ ಇತಿಹಾಸವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ.

ಪ್ರಸ್ತುತ ಲೇಖನದಲ್ಲಿ ರಕ್ತನಾಳಗಳ ಹೆಸರುಗಳು ಭಾಷೆಯಿಂದ ಭಾಷೆಗೆ ಸಾಗಿದ ಬಗೆಯನ್ನು, ಮುಖ್ಯವಾಗಿ ಫ್ರೆಂಚಿನಿಂದ ಇಂಗ್ಲಿಷಿಗೆ, ಅರಬ್ಬಿಯಿಂದ ಉರ್ದುವಿಗೆ, ಸಂಸ್ಕೃತದಿಂದ ಕನ್ನಡಕ್ಕೆ ಅವು ಬಂದ ಮಾರ್ಗವನ್ನು ವಿವೇಚಿಸಲಾಗಿದೆ. ಈ ಮೂರು ಮಾರ್ಗಗಳೂ ಕೂಡುವ ಸ್ಥಳವಾಗಿ ಕೃಷ್ಣಾ–ತುಂಗಭದ್ರೆಗಳ ನಡುವಣ ರಾಯಚೂರು ದೋಆಬನ್ನು ಆರಿಸಿಕೊಂಡಿದೆ. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ, ಮೂಡಣ ಭಾಗದಲ್ಲಿ ರಾಯಚೂರು ನಗರ – ಈ ಸೀಮೆಯು ಬಹಮನಿಗಳ, ವಿಜಯನಗರದ, ಬಿಜಾಪುರದ, ನಿಜಾಮರ ಆಳ್ವಿಕೆಗಳನ್ನು ಕಂಡು, 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು. ರಾಜ್ಯವು ಬದಲಾದಂತೆ ವಿದ್ಯೆಯ ಭಾಷೆಯೂ ಬದಲಾಯಿತು. ಭಾಷೆಯೊಡನೆ ದೇಹದ ಅಂಗಗಳ ಹೆಸರುಗಳೂ ಬದಲಾದವು.

2

ಹೆಸರು ಕೇವಲ ಗುರುತಲ್ಲ. ಹಲವು ಸಲ ಅದು ಒಂದು ಸಿದ್ಧಾಂತದ ಅವಶೇಷವಾಗಿರುತ್ತದೆ. ಇಂಗ್ಲಿಷಿನ ‘ಆರ್ಟರಿ’, ಫ್ರೆಂಚಿನ ‘ಆರ್ತೇರ್’ ಇವೆರಡರ ಮೂಲವಾದ ಗ್ರೀಕಿನ ‘ಆರ್ತೇರಿಯಾ’ ಎಂಬುದು ಶ್ವಾಸನಾಳಕ್ಕೂ ಸಲ್ಲುತ್ತಿದ್ದ ಹೆಸರು. ಸತ್ತ ದೇಹದಲ್ಲಿ ಈ ನಾಳಗಳು ಬಹುಮಟ್ಟಿಗೆ ಬರಿದಾಗಿ ಕಾಣುತ್ತವೆ. ಆದುದರಿಂದ ಕ್ರಿ.ಪೂ. ಮೂರನೆಯ ಶತಮಾನದ ಎರಾಸಿಸ್ಟ್ರಾಟಸನು ಅವುಗಳಲ್ಲಿ ಪ್ರಾಣವಾಯು ಸಂಚರಿಸುವುದೆಂದು ಭಾವಿಸಿದನು. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗಾಲೆನನು ಜೀವಂತ ಪ್ರಾಣಿಗಳನ್ನು ಪರೀಕ್ಷಿಸಿ ಅವುಗಳಲ್ಲಿಯೂ ರಕ್ತವೇ ಇದೆಯೆಂದು ತೋರಿಸಿದನು. ಸಿದ್ಧಾಂತವು ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು.

ನಮ್ಮ ‘ಧಮನಿ’ಯ ವಿಷಯವೂ ಇದಕ್ಕೆ ಹತ್ತಿರವೇ ಆಗಿದೆ. ಊದು ಎಂಬ ಅರ್ಥದ ‘ಧ್ಮಾ’ ಧಾತುವಿನಿಂದ ಆ ಶಬ್ದವು ಬಂದಿದೆ. ತಿದಿಯನ್ನೊತ್ತುವ ಕ್ರಿಯೆಗೂ ಅದೇ ಧಾತು. ‘ಸಿರಾ’ ಎಂಬುದನ್ನು ಸರಿಯುವುದು, ಹರಿಯುವುದು ಎಂಬರ್ಥದಿಂದಲೂ, ‘ಸ್ರೋತಸ್’ ಎಂಬುದನ್ನು ಸ್ರವಿಸುವುದು ಎಂಬರ್ಥದಿಂದಲೂ ಚರಕಸಂಹಿತೆಯು ನಿಷ್ಪನ್ನಗೊಳಿಸುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 700 ಸಿರೆಗಳನ್ನೂ 24 ಧಮನಿಗಳನ್ನೂ ಎಣಿಸಲಾಗಿದೆ. ಅವೆರಡರ ಮೂಲವೂ ಅಲ್ಲಿ ನಾಭಿಯೇ ಹೊರತು ಹೃದಯವಲ್ಲ. ಸಿರೆಗಳು ಒಯ್ಯುವುದು ರಕ್ತವನ್ನಷ್ಟೇ ಅಲ್ಲ. ವಾತವನ್ನು ಒಯ್ಯುವ ಅರುಣ, ಪಿತ್ತವನ್ನು ಒಯ್ಯುವ ನೀಲ, ಕಫವನ್ನು ಒಯ್ಯುವ ಗೌರ, ರಕ್ತವನ್ನು ಒಯ್ಯುವ ರೋಹಿಣಿ ಎಂಬ ನಾಲ್ಕು ವರ್ಗಗಳನ್ನು ಸುಶ್ರುತನು ಹೇಳುತ್ತಾನೆ. ಹೀಗಿರುವಲ್ಲಿ ಸುಶ್ರುತನ ಧಮನಿಯೇ ಇಂದಿನ ಆರ್ಟರಿ, ಅವನ ಸಿರೆಯೇ ಇಂದಿನ ವೆಯಿನ್ ಎಂದು ಸಮೀಕರಿಸುವುದು ಅವನಿಗೂ ಇಂದಿನ ಶಾಸ್ತ್ರಕ್ಕೂ ಸಮನಾಗಿ ಅನ್ಯಾಯವಾದೀತು. ಶಬ್ದವನ್ನು ಎರವಲು ಪಡೆಯಬಹುದು; ಆದರೆ ಪಡೆದ ಮೇಲೆ ಅದು ಹೊಸ ಶಬ್ದವೆಂದೇ ತಿಳಿಯಬೇಕು.

3

ಯುರೋಪಿನಲ್ಲಿ ಈ ಸಮಸ್ಯೆಯು ಅತ್ಯಂತ ಸ್ಪಷ್ಟವಾಗಿ ತೋರಿಬರುವುದು ಹೃದಯ ಮತ್ತು ಶ್ವಾಸಕೋಶಗಳ ನಡುವಣ ನಾಳಗಳ ವಿಷಯದಲ್ಲಿ. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ನಾಳಕ್ಕೆ ಆರ್ಟರಿಯ ದಪ್ಪ ಗೋಡೆಯಿದೆ. ಆದರೆ ಅದರೊಳಗಿನ ರಕ್ತವು ವೆಯಿನ್‌ಗಳ ರಕ್ತದಂತೆ ಕಪ್ಪು. ಪ್ರಾಚೀನರು ಇದನ್ನು ಬಲಭಾಗದ ನಾಳವೆಂದು ವೆಯಿನ್‌ಗಳ ವರ್ಗಕ್ಕೆ ಸೇರಿಸಿ, ಗೋಡೆಯ ದಪ್ಪವನ್ನು ಕಂಡು ವಿಶೇಷಣವೊಂದನ್ನು ಹಚ್ಚಿದರು. ಫ್ರೆಂಚಿನಲ್ಲಿ ಅದು ‘ವೆಯ್ನ್ ಆರ್ತೇರಿಯೂಸ್’, ಅಂದರೆ ‘ಆರ್ಟರಿಯಂತಹ ವೆಯಿನ್’ ಎನಿಸಿತು. ಶ್ವಾಸಕೋಶದಿಂದ ಎಡಭಾಗಕ್ಕೆ ಮರಳುವ ನಾಳಕ್ಕೆ ಇದರ ತಿರುವುಮುರುವಾಗಿ ‘ವೆಯಿನ್‌ನಂತಹ ಆರ್ಟರಿ’ ಎಂಬ ಹೆಸರಾಯಿತು.

ಇಂಗ್ಲೆಂಡಿನ ವಿಲಿಯಂ ಹಾರ್ವಿಯು ರಕ್ತವು ದೇಹದಲ್ಲಿ ಚಕ್ರಾಕಾರವಾಗಿ ಪರಿಚಲಿಸುವುದೆಂಬುದನ್ನು 1628ರಲ್ಲಿ ಪ್ರಕಟಿಸಿದನು. ಒಂಬತ್ತು ವರ್ಷಗಳ ತರುವಾಯ, 1637ರಲ್ಲಿ, ಫ್ರೆಂಚ್ ತತ್ತ್ವಜ್ಞ ದೇಕಾರ್ತನು ತನ್ನ ‘ವಿಧಾನವನ್ನು ಕುರಿತ ಪ್ರವಚನ’ದ ಐದನೆಯ ಭಾಗದಲ್ಲಿ ಹೃದಯವನ್ನು ವರ್ಣಿಸುವಾಗ ಈ ಎರಡು ಹೆಸರುಗಳನ್ನೂ ಬಳಸುತ್ತಾನೆ. ಬಳಸುವಾಗಲೇ ಇವು ಸಲ್ಲದ ಹೆಸರುಗಳೆಂದೂ, ಮೊದಲನೆಯದು ನಿಜವಾಗಿ ಆರ್ಟರಿಯೇ ಎಂದೂ, ಎರಡನೆಯದು ನಿಜವಾಗಿ ವೆಯಿನ್ನೇ ಎಂದೂ ಎಚ್ಚರಿಸುತ್ತಾನೆ. ಹೃದಯವು ಮಿಡಿಯುವ ಕಾರಣವನ್ನು ಕುರಿತು ಅವನು ಹಾರ್ವಿಯೊಡನೆ ಒಪ್ಪಲಿಲ್ಲ. ಪರಿಚಲನೆಯನ್ನು ಮಾತ್ರ ಒಪ್ಪಿದನು. ಪರಿಚಲನೆಯನ್ನು ಒಪ್ಪಿದವನಿಗೆ ಹಳೆಯ ಹೆಸರುಗಳು ಸುಳ್ಳಾಗಿ ಕಂಡುದು ಸಹಜ. ಈ ಪುಟವನ್ನು ಇಂಗ್ಲಿಷಿಗೆ ತರುವ ಅನುವಾದಕನು ಏನು ಮಾಡಬೇಕು? ಇಂದಿನ ರೂಢಿಯಂತೆ ‘ಪಲ್ಮನರಿ ಆರ್ಟರಿ’ ಎಂದು ಬರೆದರೆ ದೇಕಾರ್ತನ ಎಚ್ಚರಿಕೆಯ ಮಾತು ಅರ್ಥಹೀನವಾಗುತ್ತದೆ. ಶಬ್ದಶಃ ಅನುವಾದಿಸಿದರೆ ಇಂದಿನ ವಿದ್ಯಾರ್ಥಿಗೆ ಯಾವ ನಾಳವೆಂದೇ ತಿಳಿಯದು. ಹಳೆಯ ಹೆಸರನ್ನು ಉಳಿಸಿ ವಿವರಣೆಯನ್ನು ಕೊಡುವುದೊಂದೇ ಇಲ್ಲಿ ಮಾರ್ಗ.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಪ್ಯಾರಿಸ್ ನಗರವು ವೈದ್ಯವಿದ್ಯೆಯ ಕೇಂದ್ರವಾಗಿತ್ತು. ಅಲ್ಲಿಯ ಗ್ರಂಥಗಳು ಒಂದರ ಹಿಂದೊಂದು ಇಂಗ್ಲಿಷಿಗೆ ಬಂದವು. ಸ್ಟೆತಸ್ಕೋಪನ್ನು ನಿರ್ಮಿಸಿದ ಲೆನೆಕನ 1819ರ ಗ್ರಂಥವನ್ನು ಜಾನ್ ಫೋರ್ಬ್ಸ್ 1821ರಲ್ಲಿ ಅನುವಾದಿಸಿದನು. ಬಿಷಾನ 1801ರ ‘ಸಾಮಾನ್ಯ ಅಂಗರಚನಾಶಾಸ್ತ್ರ’ವನ್ನು ಬೋಸ್ಟನ್ನಿನ ಜಾರ್ಜ್ ಹೇವರ್ಡ್ 1822ರಲ್ಲಿ ಇಂಗ್ಲಿಷಿಗೆ ತಂದನು. ಹಿಪ್ಪೊಲಿತ್ ಕ್ಲೊಕೆಯ ಅಂಗರಚನಾಶಾಸ್ತ್ರವು ರಾಬರ್ಟ್ ನಾಕ್ಸನ ಅನುವಾದದಲ್ಲಿ 1828ರಲ್ಲಿ ಎಡಿನ್‌ಬರೋದಿಂದ ಹೊರಬಂದಿತು. ಇವರಲ್ಲಿ ಬಿಷಾನು ಹಳೆಯ ವಿಭಾಗವನ್ನೇ ಬಿಟ್ಟು, ನಾಳಗಳನ್ನು ‘ಕೆಂಪು ರಕ್ತದ ವ್ಯೂಹ’ ಮತ್ತು ‘ಕಪ್ಪು ರಕ್ತದ ವ್ಯೂಹ’ ಎಂದು ಎರಡಾಗಿ ವಿಂಗಡಿಸಿದನು. ಶ್ವಾಸಕೋಶದಿಂದ ಹೃದಯದ ಎಡಭಾಗಕ್ಕೆ ಬರುವ ವೆಯಿನ್‌ಗಳೂ ದೇಹಕ್ಕೆ ರಕ್ತವನ್ನೊಯ್ಯುವ ಆರ್ಟರಿಗಳೂ ಅವನ ಪಾಲಿಗೆ ಒಂದೇ ಕೆಂಪು ವ್ಯೂಹದ ಭಾಗಗಳು. ಇಲ್ಲಿ ಹೆಸರು ನಾಳದ ರಚನೆಯನ್ನಾಗಲಿ ಹರಿವಿನ ದಿಕ್ಕನ್ನಾಗಲಿ ಹೇಳದೆ ಒಳಗಿನ ದ್ರವದ ಗುಣವನ್ನು ಹೇಳುತ್ತದೆ.

ಫ್ರೆಂಚಿನಿಂದ ಇಂಗ್ಲಿಷಿಗೆ ಅನುವಾದಿಸುವವರಿಗೆ ಒಂದು ಅನುಕೂಲವಿತ್ತು. ಅದೇ ಅಪಾಯವೂ ಆಗಿತ್ತು. ‘ವೆಯಿನ್’, ‘ವೆಸಲ್’ ಎಂಬ ಇಂಗ್ಲಿಷ್ ಶಬ್ದಗಳೇ ಹಳೆಯ ಫ್ರೆಂಚಿನಿಂದ ಬಂದವು. ಆದುದರಿಂದ ಬಹುತೇಕ ಹೆಸರುಗಳು ಕಾಗುಣಿತ ಬದಲಾದರೆ ಸಾಕು ಎಂಬಂತೆ ತೋರುತ್ತಿದ್ದವು. ಆದರೆ ಎಲ್ಲವೂ ಹಾಗಿಲ್ಲ. ತೋಳಿನ ಮುಖ್ಯ ಆರ್ಟರಿಯನ್ನು ಫ್ರೆಂಚರು ಎಲುಬಿನ ಹೆಸರಿನಿಂದ ‘ಹ್ಯೂಮರಲ್’ ಎಂದರು. ಇಂಗ್ಲಿಷಿನಲ್ಲಿ ಅದು ತೋಳಿನ ಹೆಸರಿನಿಂದ ‘ಬ್ರೇಕಿಯಲ್’. ಹೃದಯದಿಂದ ಮೇಲೆದ್ದು ಬಾಗುವ ಮಹಾನಾಳದ ಭಾಗವನ್ನು ಫ್ರೆಂಚರು ‘ಕ್ರೋಸ್’, ಅಂದರೆ ತುದಿ ಬಾಗಿದ ಕೋಲು, ಎಂದು ಕರೆದರೆ, ಇಂಗ್ಲಿಷರು ಕಟ್ಟಡದ ಕಮಾನಿಗೆ ಹೋಲಿಸಿದರು. ಜಠರದ ಒಂದು ಆರ್ಟರಿಗೆ ಹಳೆಯ ಫ್ರೆಂಚ್ ಗ್ರಂಥಗಳಲ್ಲಿ ‘ಜಠರದ ಕರೋನರಿ’ ಎಂಬ ಹೆಸರಿದೆ. ಅದು ಜಠರವನ್ನು ಕಿರೀಟದಂತೆ ಬಳಸಿದೆಯೆಂಬುದು ಅದರ ಅಭಿಪ್ರಾಯ. ಇಂಗ್ಲಿಷಿನಲ್ಲಿ ಇಂದು ಅದು ‘ಎಡ ಗ್ಯಾಸ್ಟ್ರಿಕ್ ಆರ್ಟರಿ’. ವಿಶೇಷಣವನ್ನು ಗಮನಿಸದ ಅನುವಾದಕನು ‘ಕರೋನರಿ’ ಎಂದಷ್ಟೇ ಬರೆದರೆ ಓದುಗನು ಹೃದಯದ ನಾಳವನ್ನೇ ಭಾವಿಸುತ್ತಾನೆ. ಹೊಟ್ಟೆಯ ರೋಗವು ಎದೆಯ ರೋಗವಾಗಿಬಿಡುತ್ತದೆ.

ಇಂತಹ ಗೊಂದಲಗಳನ್ನು ಪರಿಹರಿಸಲೆಂದೇ ಅಂಗರಚನಾಶಾಸ್ತ್ರಜ್ಞರು 1895ರಲ್ಲಿ ಬಾಸೆಲ್ ನಗರದಲ್ಲಿಯೂ, 1955ರಲ್ಲಿ ಪ್ಯಾರಿಸಿನಲ್ಲಿಯೂ ಲ್ಯಾಟಿನ್ ಹೆಸರುಗಳ ಸಾಮಾನ್ಯ ಪಟ್ಟಿಗಳನ್ನು ಅಂಗೀಕರಿಸಿದರು. ಅಂದರೆ ನೆರೆಹೊರೆಯ ಎರಡು ಭಾಷೆಗಳ ನಡುವೆಯೂ ಮೂರನೆಯದೊಂದು ಮಧ್ಯಸ್ಥ ಭಾಷೆ ಬೇಕಾಯಿತು.

4

ಈ ಲ್ಯಾಟಿನ್ ಪಟ್ಟಿಗಳಲ್ಲಿಯೇ ಪೂರ್ವದೇಶದ ನೆನಪು ಅಡಗಿದೆ. ಕಾಲಿನ ‘ಸಫೀನಸ್’ ವೆಯಿನ್‌ನ ಹೆಸರು ಅರಬ್ಬಿಯ ‘ಸಾಫಿನ್’ ಎಂಬುದರಿಂದ ಬಂದುದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ತೋಳಿನ ‘ಬೆಸಿಲಿಕ್’, ‘ಸೆಫಾಲಿಕ್’ ವೆಯಿನ್‌ಗಳು ಅರಬ್ಬೀ ವೈದ್ಯರ ‘ಬಾಸಿಲೀಕ್’, ‘ಕೀಫಾಲ್’ಗಳ ಮೂಲಕ ಯುರೋಪಿನ ಗ್ರಂಥಗಳನ್ನು ಸೇರಿದವು. ಹನ್ನೆರಡನೆಯ ಶತಮಾನದಲ್ಲಿ ತೊಲೆದೋ ನಗರದಲ್ಲಿ ಕ್ರೆಮೋನದ ಗೆರಾರ್ಡನು ಇಬ್ನ್ ಸೀನಾನ ‘ಕಾನೂನ್’ ಗ್ರಂಥವನ್ನು ಲ್ಯಾಟಿನ್ನಿಗೆ ಅನುವಾದಿಸಿದುದು ಇಂತಹ ಶಬ್ದಗಳಿಗೆ ಹಾದಿಯಾಯಿತು. ರಕ್ತವನ್ನು ಕಳೆಯುವ ‘ಫಸ್ದ್’ ಚಿಕಿತ್ಸೆಯಲ್ಲಿ ಯುನಾನಿ ಹಕೀಮರಿಗೆ ಇವು ನಿತ್ಯದ ಹೆಸರುಗಳಾಗಿದ್ದವು.

ದೇಕಾರ್ತನು ಆಕ್ಷೇಪಿಸಿದ ಹೆಸರುಗಳೂ ಅರಬ್ಬಿಯಲ್ಲಿದ್ದವು. ಆರ್ಟರಿಗೆ ‘ಶಿರ್ಯಾನ್’, ವೆಯಿನ್‌ಗೆ ‘ವರೀದ್’. ಶ್ವಾಸಕೋಶಕ್ಕೆ ಹೋಗುವ ನಾಳವು ‘ವರೀದ್ ಶಿರ್ಯಾನೀ’. ಆ ನಾಳದ ಮೂಲಕ ರಕ್ತವೆಲ್ಲವೂ ಶ್ವಾಸಕೋಶವನ್ನು ಹಾದು ಹೃದಯದ ಎಡಭಾಗಕ್ಕೆ ಬರುವುದೆಂಬುದನ್ನು ಹದಿಮೂರನೆಯ ಶತಮಾನದಲ್ಲಿ, ಹಾರ್ವಿಗಿಂತ ಮುನ್ನೂರು ವರ್ಷಗಳಿಗೂ ಮೊದಲು, ಕೈರೋದ ಇಬ್ನ್ ಅಲ್ ನಫೀಸನು ಬರೆದಿದ್ದನು. ಅವನು ಹೊಸ ಸತ್ಯವನ್ನು ಹಳೆಯ ಹೆಸರಿನಲ್ಲಿಯೇ ಹೇಳಿದನು.

ಈ ಅರಬ್ಬೀ-ಪಾರಸೀ ಪರಂಪರೆಯು ಪರ್ಷಿಯನ್ ಭಾಷೆಯೊಡನೆ ದಖ್ಖನಕ್ಕೆ ಬಂದಿತು. ರಾಯಚೂರು ದೋಆಬು ಆದಿಲಶಾಹಿಗಳ ಕೈಯಲ್ಲಿದ್ದ ಹದಿನಾರನೆಯ ಶತಮಾನದ ಕೊನೆಯಲ್ಲಿ, ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಷ್ತಾನು ವೈದ್ಯನೂ ಆಗಿದ್ದನು. ಭಾರತೀಯ ವೈದ್ಯಪದ್ಧತಿಯನ್ನು ಪಾರಸೀ ಓದುಗರಿಗೆ ತಿಳಿಸಲು ಅವನು ‘ದಸ್ತೂರ್ ಉಲ್ ಅತಿಬ್ಬಾ’ ಎಂಬ ಗ್ರಂಥವನ್ನು ರಚಿಸಿದನು. ಎರಡು ವೈದ್ಯಪರಂಪರೆಗಳ ಪರಿಭಾಷೆಗಳನ್ನು ಎದುರುಬದುರು ನಿಲ್ಲಿಸಿದ ಈ ಪ್ರಯತ್ನವು ನಮ್ಮ ನಾಡಿನಲ್ಲಿಯೇ ನಡೆದುದು ಸ್ಮರಣೀಯ.

ಆಧುನಿಕ ಕಾಲದಲ್ಲಿ ಆ ಕಾರ್ಯವನ್ನು ಹೈದರಾಬಾದು ಕೈಗೊಂಡಿತು. ಅಲ್ಲಿ 1846ರಲ್ಲಿ ಆರಂಭವಾದ ವೈದ್ಯಕೀಯ ಶಾಲೆಯಲ್ಲಿ ಮೊದಮೊದಲು ಪಾಶ್ಚಾತ್ಯ ವೈದ್ಯವನ್ನು ಉರ್ದುವಿನಲ್ಲಿಯೇ ಕಲಿಸಲಾಗುತ್ತಿತ್ತು. ಮುಂದೆ 1917ರಲ್ಲಿ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆಯು ಸ್ಥಾಪಿತವಾಯಿತು. ಮೌಲ್ವಿ ಅಬ್ದುಲ್ ಹಕ್ ಅದರ ಮೊದಲ ಮುಖ್ಯಸ್ಥರು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾಭಾಷೆ ಉರ್ದು. ವಿಜ್ಞಾನ, ಕಾನೂನು, ವೈದ್ಯ ಮುಂತಾದ ಶಾಸ್ತ್ರಗಳ ಪಠ್ಯಗಳನ್ನು ಇಂಗ್ಲಿಷಿನಿಂದ ಉರ್ದುವಿಗೆ ತರುವುದೂ, ಅವಕ್ಕೆ ಬೇಕಾದ ಪರಿಭಾಷೆಯನ್ನು ವಿದ್ವಾಂಸರ ಸಮಿತಿಗಳ ಮೂಲಕ ನಿರ್ಣಯಿಸುವುದೂ ಆ ಸಂಸ್ಥೆಯ ಕಾರ್ಯ. ಭಾರತದ ಭಾಷೆಯೊಂದರಲ್ಲಿ ವಿಶ್ವವಿದ್ಯಾನಿಲಯದ ಉನ್ನತ ವ್ಯಾಸಂಗವು ನಡೆಯಬಲ್ಲುದೆಂಬುದನ್ನು ಉಸ್ಮಾನಿಯಾ ತೋರಿಸಿಕೊಟ್ಟಿತು.

ಇಲ್ಲಿ ಒಂದು ವೃತ್ತವು ಪೂರ್ಣವಾದುದನ್ನು ಗಮನಿಸಬೇಕು. ಅರಬ್ಬಿಯಿಂದ ಲ್ಯಾಟಿನ್ನಿಗೆ ಹೋದ ‘ಸಾಫಿನ್’, ಲ್ಯಾಟಿನ್ನಿನಿಂದ ಫ್ರೆಂಚಿಗೂ ಇಂಗ್ಲಿಷಿಗೂ ಹಬ್ಬಿ, ಇಂಗ್ಲಿಷ್ ಪಠ್ಯದ ಜೊತೆಗೆ ಹೈದರಾಬಾದಿಗೆ ಬಂದಾಗ, ಹಕೀಮರ ಬಾಯಲ್ಲಿ ಉಳಿದಿದ್ದ ತನ್ನ ಮೂಲರೂಪವನ್ನೇ ಎದುರುಗೊಂಡಿತು. ಆದರೆ ಈ ಪರಿಭಾಷೆಯು ರಾಯಚೂರಿನ ಹಳ್ಳಿಗಳ ಕನ್ನಡಿಗರಿಗೆ ಸುಲಭವಾಗಿರಲಿಲ್ಲ. ಹೈದರಾಬಾದು ಸಂಸ್ಥಾನದ ಪ್ರಜೆಗಳಲ್ಲಿ ಹೆಚ್ಚಿನವರ ಮಾತು ತೆಲುಗು, ಮರಾಠಿ, ಕನ್ನಡ. ‘ಶಿರ್ಯಾನ್’ ಎಂಬುದು ಸಂಸ್ಕೃತದ ‘ಸಿರಾ’ ಎಂಬುದನ್ನು ಧ್ವನಿಯಲ್ಲಿ ಹೋಲುತ್ತದೆ, ಅರ್ಥವಾದರೋ ಪ್ರತಿಕೂಲ. ಮೊದಲನೆಯದು ಆರ್ಟರಿ, ಎರಡನೆಯದು ಇಂದಿನ ತೆಲುಗು, ಹಿಂದಿಗಳಲ್ಲಿ ವೆಯಿನ್. ಹೀಗೆ ಪರಕೀಯ ಭಾಷೆಯ ಹೊರೆಯನ್ನು ಕಳೆಯಲು ಹೊರಟ ಮಹತ್ಕಾರ್ಯವೊಂದು ಸಂಸ್ಥಾನದ ಬಹುಸಂಖ್ಯಾತರಿಗೆ ಮತ್ತೊಂದು ಹೊರೆಯಾಯಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಉಸ್ಮಾನಿಯಾದ ಉರ್ದು ಮಾಧ್ಯಮವು ಇಂಗ್ಲಿಷಿಗೆ ಎಡೆಗೊಟ್ಟಿತು.

5

ದೋಆಬಿನ ಕನ್ನಡಕ್ಕೆ ತನ್ನದೇ ಆದ ದೇಹಪರಿಭಾಷೆ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದನು. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಹೇಳಿದನು. ರಾಯಚೂರು ಸೀಮೆಯಲ್ಲಿ ಶಾಸ್ತ್ರದ ಶಬ್ದಗಳನ್ನು ಜನರ ಕಿವಿಗೆ ಮುಟ್ಟಿಸಿದವರು ದಾಸರು. ಮಾನ್ವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ‘ನಾಡೀಪ್ರಕರಣ ಸಂಧಿ’ ಎಂಬುದೊಂದಿದೆ. ದೇಹದ 72,000 ನಾಡಿಗಳಲ್ಲಿ ಭಗವಂತನ ರೂಪಗಳು ನೆಲೆಸಿರುವ ಬಗೆಯನ್ನು ಅದು ಭಾಮಿನೀ ಷಟ್ಪದಿಯಲ್ಲಿ ನಿರೂಪಿಸುತ್ತದೆ. ಅದು ಉಪಾಸನೆಯ ಗ್ರಂಥವೇ ಹೊರತು ವೈದ್ಯಗ್ರಂಥವಲ್ಲ. ಆದರೂ ‘ನಾಡಿ’ಯೆಂದರೆ ದೇಹದಲ್ಲಿ ವ್ಯಾಪಿಸಿರುವ ನಾಳವೆಂಬ ಅರ್ಥವು ಶ್ರೋತೃಗಳಿಗೆ ಪರಿಚಿತವಾಗಿತ್ತೆಂಬುದಕ್ಕೆ ಸಾಕ್ಷಿಯಾಗಿದೆ. ಇಂದು ‘ನಾಡಿ ನೋಡು’ ಎಂದರೆ ಮಣಿಕಟ್ಟಿನ ಮಿಡಿತವನ್ನು ಪರೀಕ್ಷಿಸುವುದು. ನಾಳದ ಹೆಸರು ಅದರ ಕ್ರಿಯೆಗೆ ಸಂದಿದೆ.

ಇನ್ನು ‘ನರ’. ಇದು ಅಚ್ಚ ದ್ರಾವಿಡ ಶಬ್ದ. ತಮಿಳಿನ ‘ನರಂಬು’ ಇದರ ಸೋದರ. ಆಡುಮಾತಿನಲ್ಲಿ ಇದು ರಕ್ತನಾಳ, ಸ್ನಾಯುರಜ್ಜು, ಸಂವೇದನೆಯ ತಂತು – ದೇಹದಲ್ಲಿ ಹುರಿಯಂತೆ ತೋರುವ ಎಲ್ಲವನ್ನೂ ಒಳಗೊಳ್ಳುತ್ತದೆ. ಇದನ್ನು ಗ್ರಾಮ್ಯರ ಅಜ್ಞಾನವೆಂದು ನಗುವುದು ಯುಕ್ತವಲ್ಲ. ಗ್ರೀಕಿನ ‘ನ್ಯೂರಾನ್’ ಮೊದಲಿಗೆ ಸ್ನಾಯುರಜ್ಜುವಿನ ಹೆಸರು. ಫ್ರೆಂಚಿನ ‘ನೆರ್’ ಎಂಬುದಕ್ಕೂ ಆಡುಮಾತಿನಲ್ಲಿ ಆ ಅರ್ಥವುಂಟು. ಕಣ್ಣಿಗೆ ಒಂದೇ ತೆರನಾಗಿ ಕಂಡುದನ್ನು ಎಲ್ಲ ಜನಗಳೂ ಒಂದೇ ಹೆಸರಿನಿಂದ ಕರೆದರು; ಬೇರ್ಪಡಿಸಿದುದು ಶಸ್ತ್ರವನ್ನು ಹಿಡಿದ ಶಾಸ್ತ್ರ.

ಕನ್ನಡದಲ್ಲಿ ಆಧುನಿಕ ವಿಜ್ಞಾನದ ಬರವಣಿಗೆಯು ಬೆಳೆದುದು ಬಹುಮಟ್ಟಿಗೆ ಹಳೆಯ ಮೈಸೂರಿನಲ್ಲಿ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಮುಂದೆ ಡಿ. ಎಸ್. ಶಿವಪ್ಪನವರು, ಕಲಬುರಗಿಯ ಪಿ. ಎಸ್. ಶಂಕರ್ ಅವರು ಮೊದಲಾದ ವೈದ್ಯರು ಈ ಕ್ಷೇತ್ರದಲ್ಲಿ ದುಡಿದರು. ಏಕೀಕರಣದ ತರುವಾಯ ರಾಯಚೂರಿನ ಶಾಲೆಗಳಿಗೂ ಬಂದ ಕನ್ನಡ ಪಠ್ಯಗಳ ಪರಿಭಾಷೆಯಲ್ಲಿ ಆರ್ಟರಿಗೆ ‘ಅಪಧಮನಿ’, ವೆಯಿನ್‌ಗೆ ‘ಅಭಿಧಮನಿ’, ಕ್ಯಾಪಿಲರಿಗೆ ‘ಲೋಮನಾಳ’ ಎಂಬ ಹೆಸರುಗಳು ನೆಲೆಗೊಂಡವು.

ಇವುಗಳನ್ನು ನೆರೆಯ ಭಾಷೆಗಳೊಡನೆ ಹೋಲಿಸಿದರೆ ಕನ್ನಡದ ವೈಶಿಷ್ಟ್ಯವು ಸ್ಪಷ್ಟವಾಗುತ್ತದೆ. ತೆಲುಗು ‘ಧಮನಿ’, ‘ಸಿರ’ ಎಂಬ ಪ್ರಾಚೀನ ಶಬ್ದಗಳಿಗೆ ಹೊಸ ಅರ್ಥವನ್ನು ಕೊಟ್ಟಿತು. ಮರಾಠಿಯಲ್ಲಿ ‘ರೋಹಿಣಿ’, ‘ನೀಲಾ’ ಎಂಬ ಹೆಸರುಗಳು ಬಳಕೆಗೆ ಬಂದವು. ಸುಶ್ರುತನ ಶಬ್ದಗಳನ್ನೇ ಎತ್ತಿಕೊಂಡು ಬಿಷಾನಂತೆ ಬಣ್ಣದಿಂದ ನಾಳಗಳನ್ನು ಗುರುತಿಸಿದಂತಾಯಿತು. ಕನ್ನಡವು ಉಪಸರ್ಗಗಳನ್ನು ನೆಚ್ಚಿತು. ‘ಅಪ’ ಎಂದರೆ ದೂರಕ್ಕೆ, ‘ಅಭಿ’ ಎಂದರೆ ಕಡೆಗೆ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ. ಹೃದಯದ ಕಡೆಗೆ ತರುವುದು ಅಭಿಧಮನಿ. ಇಲ್ಲಿ ವಾಯುವಿನ ಸಿದ್ಧಾಂತವಿಲ್ಲ, ಬಣ್ಣದ ಲಕ್ಷಣವಿಲ್ಲ. ಹಾರ್ವಿಯು ತೋರಿಸಿದ ಹರಿವಿನ ದಿಕ್ಕೇ ಹೆಸರಾಗಿದೆ. ದೇಕಾರ್ತನನ್ನು ಕಾಡಿದ ನಾಳವನ್ನು ಕನ್ನಡದಲ್ಲಿ ‘ಶ್ವಾಸಕೋಶದ ಅಪಧಮನಿ’ ಎಂದರೆ ಯಾವ ವಿರೋಧವೂ ಉಂಟಾಗುವುದಿಲ್ಲ.

ಆದರೆ ಈ ಒಳ್ಳೆಯ ಹೆಸರುಗಳಿಗೆ ಎರಡು ಕಡೆಗಳಿಂದ ಕುತ್ತು ಬಂದಿದೆ. ಸುಲಭವಾಗಲೆಂದು ಅಪಧಮನಿಗೆ ‘ಶುದ್ಧರಕ್ತನಾಳ’, ಅಭಿಧಮನಿಗೆ ‘ಮಲಿನರಕ್ತನಾಳ’ ಎಂಬ ಪರ್ಯಾಯಗಳನ್ನು ಬಳಸುವುದುಂಟು. ಶ್ವಾಸಕೋಶದ ಅಪಧಮನಿಯು ಆಮ್ಲಜನಕ ಕಡಿಮೆಯಾದ ರಕ್ತವನ್ನು ಒಯ್ಯುವುದರಿಂದ, ಈ ಪರ್ಯಾಯದಂತೆ ಅದು ‘ಮಲಿನರಕ್ತವನ್ನು ಒಯ್ಯುವ ಶುದ್ಧರಕ್ತನಾಳ’ ಎನಿಸುತ್ತದೆ. ದೇಕಾರ್ತನು 1637ರಲ್ಲಿ ತೊಲಗಿಸಬೇಕೆಂದ ಗೊಂದಲವನ್ನು ನಾವೇ ಬೇರೊಂದು ವೇಷದಲ್ಲಿ ಬರಮಾಡಿಕೊಂಡಂತಾಯಿತು. ಎರಡನೆಯದಾಗಿ, ಅಪಕೀರ್ತಿ, ಅಪಜಯ, ಅಪಶಕುನಗಳನ್ನು ಕೇಳಿ ಬೆಳೆದ ವಿದ್ಯಾರ್ಥಿಗೆ ‘ಅಪ’ವೆಂದರೆ ಕೆಟ್ಟದ್ದು. ಅವನು ಅಪಧಮನಿಯನ್ನೇ ಮಲಿನರಕ್ತದ ನಾಳವೆಂದು ಊಹಿಸಿದರೆ ಆಶ್ಚರ್ಯವಿಲ್ಲ. ಅಪಹರಣ, ಅಪಸರಣ, ಅಪಕರ್ಷಣ ಎಂಬ ಶಬ್ದಗಳನ್ನು ಉದಾಹರಿಸಿ ‘ಅಪ’ದ ಇನ್ನೊಂದು ಅರ್ಥವನ್ನು ಅಧ್ಯಾಪಕನು ಮೊದಲ ದಿನವೇ ತಿಳಿಸಬೇಕು. ಅದು ವಿಜ್ಞಾನದ ಅಧ್ಯಾಪಕನ ಕೆಲಸವಲ್ಲ, ಕನ್ನಡದ ಅಧ್ಯಾಪಕನ ಕೆಲಸ ಎಂದು ಹಂಚಿಕೊಳ್ಳುತ್ತ ಕುಳಿತರೆ ಆ ಕೆಲಸವು ಆಗುವುದಿಲ್ಲ.

6

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳಿಗೆ ಬರಬಹುದು.

ಮೊದಲನೆಯದು: ಆಕಾರದಿಂದ ಹುಟ್ಟಿದ ಹೆಸರು ಭಾಷೆಗಳನ್ನು ಸುಲಭವಾಗಿ ದಾಟುತ್ತದೆ. ಮಾಲ್ಪೀಗಿಯು 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ ಸೂಕ್ಷ್ಮನಾಳಗಳು ಲ್ಯಾಟಿನ್, ಫ್ರೆಂಚ್, ಇಂಗ್ಲಿಷುಗಳಲ್ಲಿ ಕೂದಲಿನ ಹೆಸರನ್ನೇ ಪಡೆದವು. ಉರ್ದುವಿನ ‘ಉರೂಕ್-ಎ-ಶಅರಿಯಾ’, ತೆಲುಗಿನ ‘ಕೇಶನಾಳಿಕೆ’, ಕನ್ನಡದ ‘ಲೋಮನಾಳ’ – ಎಲ್ಲದರಲ್ಲಿಯೂ ಇರುವುದು ಅದೇ ಕೂದಲು. ಅರ್ಥದಲ್ಲಿ ಎಲ್ಲಿಯೂ ಜಗಳವಿಲ್ಲ.

ಎರಡನೆಯದು: ಸಿದ್ಧಾಂತದಿಂದ ಹುಟ್ಟಿದ ಹೆಸರನ್ನು ಅನುವಾದಿಸುವಾಗ ಆ ಸಿದ್ಧಾಂತವು ಇನ್ನೂ ಬದುಕಿದೆಯೇ ಎಂದು ಕೇಳಬೇಕು. ಬದುಕಿಲ್ಲದಿದ್ದರೆ, ಐತಿಹಾಸಿಕ ಗ್ರಂಥದಲ್ಲಿ ಅದನ್ನು ಉಳಿಸಿ ವಿವರಿಸಬೇಕು; ಪಠ್ಯದಲ್ಲಿ ಬಿಟ್ಟು ಹೊಸದನ್ನು ಕಟ್ಟಬೇಕು. ಈ ದೃಷ್ಟಿಯಿಂದ ಅಪಧಮನಿ, ಅಭಿಧಮನಿಗಳು ಉಳಿಯತಕ್ಕವು. ಶುದ್ಧ, ಮಲಿನಗಳು ಬಿಡತಕ್ಕವು.

ಮೂರನೆಯದು: ಶಾಸ್ತ್ರದ ಹೆಸರು ಜನರ ಹೆಸರನ್ನು ಅಳಿಸಿಹಾಕುವುದಿಲ್ಲ, ಅದರ ಪಕ್ಕದಲ್ಲಿ ನಿಲ್ಲುತ್ತದೆ. ರಾಯಚೂರಿನಲ್ಲಿ 2007ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಯಿತು. ಅಲ್ಲಿಯ ವಿದ್ಯಾರ್ಥಿಯು ‘ಸಫೀನಸ್ ವೆಯಿನ್’ ಎಂದು ಕಲಿತು ಹಾಸಿಗೆಯ ಬಳಿಗೆ ಬಂದಾಗ, ಮಾನ್ವಿಯ ಮುದುಕಿ ‘ನರ’ ಎನ್ನುತ್ತಾಳೆ; ಪಕ್ಕದ ಹಾಸಿಗೆಯ ಉರ್ದು ಮಾತಾಡುವ ರೋಗಿಯು ‘ರಗ್’ ಎನ್ನುತ್ತಾನೆ. ಯಾವ ನರ, ಎಲ್ಲಿಯದು, ನೋಯುವುದೋ, ಉಬ್ಬಿದೆಯೋ, ಜುಮ್ಮೆನ್ನುವುದೋ ಎಂದು ಕೇಳಿ ತಿಳಿಯದೆ ಶಬ್ದದಿಂದಲೇ ರೋಗವನ್ನು ಊಹಿಸಿದರೆ, ತಪ್ಪು ರೋಗಿಯ ಭಾಷೆಯದಾಗಲಾರದು. ಪ್ಯಾರಿಸಿನ ಶಬ್ದವನ್ನು ಎಡಿನ್‌ಬರೋಕ್ಕೆ ತಂದವನಿಗೂ, ಇಂಗ್ಲಿಷ್ ಶಬ್ದವನ್ನು ಹೈದರಾಬಾದಿನಲ್ಲಿ ಉರ್ದುವಾಗಿಸಿದವನಿಗೂ ಇದ್ದ ಹೊಣೆಯೇ ಈ ವಿದ್ಯಾರ್ಥಿಗೂ ಇದೆ. ಅವನು ತಿಳಿಯಲಿ, ತಿಳಿಯದಿರಲಿ, ರೋಗಿಯ ಮುಂದೆ ನಿಂತ ಕ್ಷಣದಲ್ಲಿ ಅವನೂ ಅನುವಾದಕನೇ ಆಗಿರುತ್ತಾನೆ.